ಗಸಿ ಬೇಡವೆಂದ ಕೋರಿ ರೊಟ್ಟಿ

ಗೆಳೆಯರೇ, ನ್ಯಾಯ ನೀವೇ ಹೇಳಿ. ಇವತ್ತು ಮನೆಯಲ್ಲೇ ಕ್ರಿಸ್ಪಿ ಚಿಕನ್ ರ‍್ಯಾಪ್ ಮಾಡಲು ಹೊರಟೆ. ಕೋಳಿ ತುಂಡುಗಳನ್ನು ಹೊರಳಿಸಲು ಬ್ರೆಡ್ ಪುಡಿ ಇರಲಿಲ್ಲ. ಗಸಿಯಲ್ಲಿ, ಅಂದರೆ ಗಟ್ಟಿ ಕೋಳಿ ಸಾರಿನಲ್ಲಿ, ನೆನೆಸಿ ತಿನ್ನಲೆಂದು ಅತ್ತೆ ತೆಗೆದಿಟ್ಟಿದ್ದ ಗರಿಗರಿ ಕೋರಿ ರೊಟ್ಟಿಯನ್ನೇ ಪುಡಿ ಮಾಡಿ, ಅದರಲ್ಲಿ ಹೊರಳಿಸಿ ಕರಿದೆ. ಕಚ್ಚಿದರೆ ಆ ಸದ್ದು ಉರ್ವ ಮಾರ್ಕೆಟ್ಟಿಗೆ ಕೇಳಬೇಕು! ಚಪಾತಿಯಲ್ಲಿ ಸುತ್ತಿ, ಹೆಮ್ಮೆಯಿಂದ ಎಲ್ಲರಿಗೂ ಬಡಿಸಿದೆ.

ಅತ್ತೆ ಬಿಚ್ಚಿ ನೋಡಿದರು. "ಇದು ನಮ್ಮ ರೊಟ್ಟಿ ಅಲ್ವಾ?"

"ಹೌದು ಅತ್ತೆ."

"ಮತ್ತೆ ಗಸಿ ಎಲ್ಲಿ?"

"ಗಸಿ ಬೇಡ, ಇದನ್ನು ಹೀಗೇ ತಿನ್ನುವುದು."

"ಒಣ ರೊಟ್ಟಿ ಗಂಟಲಲ್ಲಿ ಇಳಿಯುವುದುಂಟಾ ಮಾರಾಯ್ತಿ?" ಎಂದವರೇ ನಿನ್ನೆಯ ಕೋಳಿ ಗಸಿ ಬಿಸಿ ಮಾಡಿ ತಂದರು. ನಾನು "ಅಯ್ಯೋ, ಕ್ರಿಸ್ಪಿ ಹೋಗ್ತದೆ!" ಎಂದು ಕೂಗುವಷ್ಟರಲ್ಲಿ ಎಲ್ಲರ ತಟ್ಟೆಗೂ ಸುರಿದಾಗಿತ್ತು.

ಗಂಡ ಬೆರಳು ನೆಕ್ಕುತ್ತಾ ನನ್ನನ್ನು ಮೆಚ್ಚಿಕೊಂಡರು: "ಇವತ್ತಿನ ಕೋರಿ ರೊಟ್ಟಿ ಭಾರೀ ಲಾಯ್ಕ್ ಆಗಿದೆ!"

ಯಾರೂ ರೆಸಿಪಿ ಕೇಳಬೇಡಿ. ಸಿಟ್ಟಿನಲ್ಲಿ ನಾನೂ ಇನ್ನೊಂದು ಸೌಟು ಗಸಿ ಹಾಕಿಸಿಕೊಂಡೆ.