ದೊಡ್ಡಮ್ಮನ ಸೆರಗಿನ ಮೇಲೆ ಹೊರಿಸಿದ ತಪ್ಪು

ದಾವಣಗೆರೆಯ ಒಂದು ಮೋಟಾರ್‌ಸೈಕಲ್ ಶೋರೂಮಿನಲ್ಲಿ ಹದಿನಾರು ವರ್ಷದಿಂದ ಹೊಸ ಗಾಡಿ ಸಜ್ಜು ಮಾಡುವ ಕೆಲಸ ನನ್ನದು. ಲಾರಿಯಿಂದ ಇಳಿದ ಗಾಡಿಗೆ ಕನ್ನಡಿ ಕೂರಿಸಬೇಕು, ಬ್ಯಾಟರಿ ಜೋಡಿಸಬೇಕು, ಚೈನಿನ ಬಿಗಿ ನೋಡಬೇಕು, ಕೊನೆಗೆ ಚಕ್ರದಡಿ ನಿಂಬೆಹಣ್ಣು ಇಟ್ಟು ಗಿರಾಕಿಯ ಕೈಗೆ ಕೀಲಿ ಕೊಡಬೇಕು. ನನ್ನ ಕೈ ದಾಟಿ ಹೋದ ಗಾಡಿಗಳು ಎಷ್ಟೋ. ಯಾವುದರ ಬಣ್ಣವೂ ನೆನಪಿಲ್ಲ. ಒಂದು ಗಾಡಿಯದು ಮಾತ್ರ ಬಣ್ಣ, ನಂಬರು, ಹಿಂದಿನ ಚಕ್ರದ ಪಕ್ಕದ ಮೂರು ಬೋಲ್ಟುಗಳು, ಎಲ್ಲವೂ ನೆನಪಿವೆ.

ನೂರೈವತ್ತು ಸಿಸಿಯ ಸ್ಪೋರ್ಟ್ಸ್ ಗಾಡಿಗಳು ಮೊದಲು ಬಂದಾಗ ನಮ್ಮ ಕಣ್ಣಿಗೆ ಮಿಡತೆಯ ಹಾಗೆ ಕಂಡವು. ಮುಂದೆ ತಲೆ ತಗ್ಗಿಸಿ, ಹಿಂದೆ ಬಾಲ ಎತ್ತಿ, ಇನ್ನೇನು ಹಾರಿಬಿಡುತ್ತೇನೆ ಎನ್ನುವ ಹಾಗೆ. ಹಿಂದಿನ ಸೀಟು ಅಂಗೈ ಅಗಲ, ಅದೂ ಅಟ್ಟದಷ್ಟು ಎತ್ತರ. ನಮಗೆ ತರಬೇತಿ ಕೊಡಲು ಬಂದವರು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದರು: ಇಂಥ ಸಣ್ಣ ಎಂಜಿನ್ನಿನ ಸ್ಪೋರ್ಟ್ಸ್ ಗಾಡಿಗೆ ಹೊರದೇಶಗಳಲ್ಲೂ ಗಿರಾಕಿ ಇದ್ದಾರೆ. ಕೆಲವು ಕಡೆ ಹೊಸದಾಗಿ ಲೈಸೆನ್ಸ್ ಪಡೆದವರು ದೊಡ್ಡ ಗಾಡಿ ಮುಟ್ಟುವ ಹಾಗಿಲ್ಲ, ಮೊದಲು ಸಣ್ಣದರ ಮೇಲೆ ಕೈ ಪಳಗಬೇಕು. ಇನ್ನು ಕೆಲವು ಕಡೆ ಅದು ಒಬ್ಬನೇ ಏರಿ ರಜೆಯ ದಿನ ಬೆಟ್ಟ ಸುತ್ತಿ ಬರುವ ಆಟದ ಗಾಡಿ. ಅಲ್ಲಿಗೆ ಹೋಗುವ ಗಾಡಿಗಳಿಗೆ ಸ್ಯಾರಿ ಗಾರ್ಡ್ ಹಾಕುವುದಿಲ್ಲ. ಸ್ಯಾರಿ ಗಾರ್ಡ್ ಎಂದರೆ ಹಿಂದಿನ ಚಕ್ರದ ಎಡಬದಿಯ ಕಬ್ಬಿಣದ ಸರಳಿನ ತಡೆ. ಅಡ್ಡಕ್ಕೆ ಕೂತ ಹೆಂಗಸರ ಸೆರಗು ಚಕ್ರಕ್ಕೆ ಸಿಗದಂತೆ ಕಾಯುವಂಥದ್ದು. ಅಲ್ಲಿ ಸೀರೆ ಎಲ್ಲಿಂದ ಬರಬೇಕು.

ಅದೇ ಮಿಡತೆ ನಮ್ಮೂರಿಗೆ ಬಂದು ಏನೇನಾಯಿತು ಎಂದರೆ, ವಿದ್ಯಾನಗರದ ಹಾಸ್ಟೆಲ್ ಹುಡುಗರಿಗೆ ಅದು ಕುದುರೆ. ಆವರಗೆರೆಯ ಒಬ್ಬರು ಒಂದೇ ತಿಂಗಳಿಗೆ ಅದರ ಎರಡೂ ಮಗ್ಗುಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಸರ್ವಿಸಿಗೆ ತಂದರು. ದೇವರಾಜ ಅರಸು ಬಡಾವಣೆಯ ಗುಮಾಸ್ತರೊಬ್ಬರು ಗಾಡಿಯನ್ನು ಮೂರು ಸುತ್ತು ಬಂದು, "ಟ್ಯಾಂಕಿನ ಮ್ಯಾಲೆ ಹುಡುಗಿ, ಹಿಂದೆ ಮನೆಯವ್ರು. ನಡುವೆ ಅಕ್ಕಿ ಚೀಲ ಹಿಡೀತೈತೇನ್ರಿ?" ಎಂದು ಕೇಳಿದ್ದರು.

ನಮ್ಮಲ್ಲಿ ಹಿರಿಯ ಮಿಸ್ತ್ರಿಯೊಬ್ಬರಿದ್ದರು. ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಆ ದಿನ ನಕ್ಕು ಸುಸ್ತಾದ ಮೇಲೆ ಚಾಚಾ ಹೇಳಿದರು: "ನಗಬ್ಯಾಡ್ರಪ್ಪ. ಕಂಪ್ನಿಯವ್ರು ಓಡ್ಸೋನ್ನ ನೋಡಿ ಗಾಡಿ ಮಾಡ್ತಾರೆ. ನಮ್ಮೂರಾಗೆ ಗಾಡಿ ಇರೋದು ಹಿಂದೆ ಕೂತೋರಿಗೆ. ಮಾರ್ಕೆಟ್ ಅಂದ್ರೆ ಅಷ್ಟೇ ಐತೆ."

ಆ ಮಾತು ನನಗೆ ಹಿಡಿಸಿತ್ತು. ಹತ್ತು ಜನರ ಎದುರು ನನ್ನದೇ ಮಾತೆಂಬಂತೆ ಆಡಿಕೊಂಡು ತಿರುಗಿದ್ದೂ ಉಂಟು. ಕೈ ಮಾತ್ರ ಆ ಮಾತನ್ನು ಕಲಿಯಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ಅವ್ವ ಹೊಲಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ನಾನು ಪಕ್ಕದ ಮನೆಯ ದೊಡ್ಡಮ್ಮನ ಪಾಲು. ರಕ್ತಸಂಬಂಧವಲ್ಲ, ಅವಳ ಮಗ ನನ್ನ ಓರಗೆಯವನು, ಗೆಳೆಯ. ಗಂಡ ತೀರಿದ ಮೇಲೆ ಅವನೊಬ್ಬನೇ ಅವಳಿಗೆ. ಒಂದೇ ತಟ್ಟೆಯಲ್ಲಿ ಮಂಡಕ್ಕಿ ಹಾಕಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಜೋಳ ಕೇರುತ್ತಾ ಕಥೆ ಹೇಳುತ್ತಿದ್ದಳು. ಇವತ್ತು ನಾನು ನಾಲ್ಕು ಮಾತು ಆಡಿದರೆ ಜನ ಕೇಳುತ್ತಾರೆ ಎಂದಾದರೆ, ಆ ಮಾತು ಅವಳ ಮೊರದಿಂದ ಬಿದ್ದದ್ದು. "ಕಥೆ ಹೇಳೋವಾಗ ಅವಸರ ಬ್ಯಾಡ ಕಣೋ. ಕೇಳೋನು ಹೂಂ ಅನ್ನೋತನಕ ನಿಲ್ಲಬೇಕು," ಎನ್ನುತ್ತಿದ್ದಳು. ನಾನು ಕೆಲಸಕ್ಕೆ ಸೇರಿ ದಾವಣಗೆರೆಯಲ್ಲಿ ಮನೆ ಮಾಡಿದ ಮೇಲೂ ವಾರಕ್ಕೊಮ್ಮೆ ಅವಳ ಮನೆಗೆ ಹೋಗದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಗೆಳೆಯನಿಗೆ ಮೂವತ್ತು ದಾಟಿತ್ತು, ಹೆಣ್ಣು ಹುಡುಕುತ್ತಿದ್ದರು. ಆಗ ಅವನಿಗೆ ಸ್ಪೋರ್ಟ್ಸ್ ಗಾಡಿಯ ಹುಚ್ಚು ಹತ್ತಿತು. ಕೆಂಪು ಗಾಡಿ. ನಾನೇ ಸಜ್ಜು ಮಾಡಿದೆ. ಕೊಡುವ ದಿನ ದೊಡ್ಡಮ್ಮನೂ ಬಂದಿದ್ದಳು. ಗಾಡಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಇದೇನೋ, ಕುಂಡಿ ಎತ್ಕೊಂಡು ನಿಂತೈತೆ! ಹತ್ತಾಕೆ ಏಣಿನೂ ಕೊಡ್ತೀರೇನೋ ನಿಮ್ಮ ಅಂಗಡ್ಯಾಗೆ?" ಎಂದಳು. ಶೋರೂಮಿಗೆ ಶೋರೂಮೇ ನಕ್ಕಿತು. ಕಾಯಿ ಒಡೆದು, ಊದುಬತ್ತಿ ಬೆಳಗಿ, "ನಾನು ಬಸ್ಸಿಗೆ ಬರ್ತೀನಪ್ಪ, ನೀನು ಮೆಲ್ಲಗೆ ಹೋಗು," ಎಂದು ಮಗನ ಬೆನ್ನು ಸವರಿ ನಡೆದುಬಿಟ್ಟಳು.

ಹತ್ತು ದಿನದ ಮೇಲೆ ಗೆಳೆಯ ಒಬ್ಬನೇ ಬಂದ. ಹೆಣ್ಣು ಗೊತ್ತಾಗುವ ಹಾಗಿತ್ತು. ಹುಡುಗಿಯ ಚಿಕ್ಕಪ್ಪನ ಮನೆ ದೇವರಾಜ ಅರಸು ಬಡಾವಣೆಯಲ್ಲಿ. ಮರುವಾರ ಅಲ್ಲಿಯೇ ಮಾತುಕತೆ.

"ಲೇ ದೋಸ್ತ, ಈ ಜಾಲರಿ ಬಿಚ್ಚಿಬಿಡಲೇ," ಎಂದ ಸ್ಯಾರಿ ಗಾರ್ಡ್ ತೋರಿಸಿ. "ಫಾರಿನ್ನಿನ ಗಾಡಿ ಹೆಂಗಿರ್ತೈತೆ ಮೊಬೈಲ್ನಾಗೆ ನೋಡೀನಿ. ಬೀಗರ ಮನಿ ಮುಂದೆ ಇದನ್ನ ನಿಲ್ಸಿದ್ರೆ ಹಾಲು ಹಾಕೋನು ಬಂದ ಅಂತಾರೆ."

ಚಾಚಾ ಪಕ್ಕದಲ್ಲೇ ಚೈನಿಗೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತದೆ ಕೇಳಿದರು: "ನಿಮ್ಮ ಅಮ್ಮ ಸೀರೆ ಉಡ್ತಾರೋ, ಪ್ಯಾಂಟು ಹಾಕ್ತಾರೋ?"

ಗೆಳೆಯ ನಕ್ಕ. ನಾನೂ ನಕ್ಕೆ. "ಚಾಚಾ, ದೊಡ್ಡಮ್ಮ ಇದರ ಮ್ಯಾಲೆ ಹತ್ತೋದಿಲ್ಲ. ಆಕಿ ಬಸ್ಸಿನೋಳು," ಎಂದೆ. ಚಾಚಾ ಎಣ್ಣೆ ಡಬ್ಬಿ ಎತ್ತಿಕೊಂಡು ಪಕ್ಕದ ಗಾಡಿಗೆ ಹೋದರು. ಮೂರು ಬೋಲ್ಟು. ಐದು ನಿಮಿಷವೂ ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ, ಬಿಚ್ಚಿದ ಮೇಲೆ ಗಾಡಿ ಚೆನ್ನಾಗಿಯೇ ಕಂಡಿತು.

ಮಾತುಕತೆಯ ದಿನ ದೊಡ್ಡಮ್ಮ ಹರಿಹರದ ಬಸ್ ನಿಲ್ದಾಣದಲ್ಲಿ ನಿಂತು ಕಾದಳಂತೆ. ಲಗ್ನಗಳ ಕಾಲ, ಬಂದ ಬಸ್ಸುಗಳೆಲ್ಲ ತುಂಬಿದ್ದವು, ಕಾಲಿಡಲು ಜಾಗವಿಲ್ಲ. ಹೇಳಿದ ಹೊತ್ತು ಮೀರಿದರೆ ಬೀಗರು ಏನಂದಾರು ಎಂಬ ಅಂಜಿಕೆ ಅವಳಿಗೆ. ಮಗನಿಗೆ ಫೋನು ಮಾಡಿಸಿದಳು, ಅವನು ಗಾಡಿ ತಂದ. ನಿಲ್ದಾಣದ ಕಟ್ಟೆಯ ಮೇಲೆ ನಿಂತು ಆ ಎತ್ತರದ ಸೀಟಿಗೆ ಅಡ್ಡಕ್ಕೆ ಏರಿ ಕೂತಳು. ಉಟ್ಟಿದ್ದು ಹೊಸ ರೇಷ್ಮೆ ಸೀರೆ, ಜಾರುವ ಸೆರಗು. ಒಂದು ಕೈಯಲ್ಲಿ ಹಣ್ಣು ಹೂವಿನ ಚೀಲ, ಇನ್ನೊಂದು ಕೈ ಮಗನ ಹೆಗಲ ಮೇಲೆ. ದಾವಣಗೆರೆ ಇನ್ನೂ ಸಿಕ್ಕಿರಲಿಲ್ಲ. ರಸ್ತೆಯ ಉಬ್ಬಿನಲ್ಲಿ ಗಾಡಿ ಕುಲುಕಿ, ಸೆರಗು ಜಾರಿ ಚಕ್ರಕ್ಕೆ ಸಿಕ್ಕಿತು. ಗಾಡಿ ಓಡುತ್ತಿದ್ದದ್ದು ಮೆಲ್ಲಗೇ. ಆದರೆ ಚಕ್ರ ಎಳೆದ ಏಟಿಗೆ ಅವಳು ಹಿಂದಕ್ಕೆ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ನಾನು ಆಸ್ಪತ್ರೆಗೆ ಓಡಿದಾಗ ಅವಳಿಗೆ ಎಚ್ಚರವಿತ್ತು. ನನ್ನನ್ನು ನೋಡಿದವಳೇ ಕೇಳಿದ್ದು: "ಗಾಡಿಗೇನೂ ಆಗಿಲ್ಲ ಹೌದಿಲ್ಲೋ? ನೀನು ಅಷ್ಟು ಚಂದ ಮಾಡಿ ಕೊಟ್ಟಿದ್ದೆ."

ಹರಿಹರದ ಮನೆಯ ನಡುಮನೆಯಲ್ಲಿ ಅವಳಿಗೆ ಮಂಚ ಹಾಕಿದರು. ಅಲ್ಲಿಂದ ಅವಳು ತಾನಾಗಿ ಏಳಲಿಲ್ಲ. ನೋಡಿಕೊಳ್ಳಲು ಅವಳ ನಾದಿನಿ, ಅಂದರೆ ಗೆಳೆಯನ ಸೋದರತ್ತೆ, ಬಂದು ನಿಂತಳು. ಕೆಟ್ಟವಳಲ್ಲ. ಹೊತ್ತುಹೊತ್ತಿಗೆ ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ, ಮೈ ಒರೆಸಿದ್ದು ಅವಳೇ. ಆದರೆ ನೋಡಲು ಬಂದವರೆಲ್ಲರಿಗೂ ಬಾಗಿಲಲ್ಲೇ ಒಂದು ಮಾತು ಹೇಳಿ ಒಳಗೆ ಬಿಡುತ್ತಿದ್ದಳು: "ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕೂಡಬೇಕು ಅನ್ನೋದು ಇಷ್ಟು ವಯಸ್ಸಾದೋರಿಗೆ ಗೊತ್ತಾಗಬಾರ್ದೇನ್ರಿ?"

ವಾರ ಕಳೆಯುವುದರೊಳಗೆ ಹೆಣ್ಣಿನ ಕಡೆಯವರು ಹೇಳಿ ಕಳಿಸಿದರು. ಮೊದಲ ಮಾತುಕತೆಗೆ ಹೊರಟಾಗಲೇ ರಕ್ತ ಕಂಡಿತು, ಮುಂದುವರಿಸುವುದು ಬೇಡ ಎಂದು. ಸೋದರತ್ತೆಯ ಮಾತಿಗೆ ಇನ್ನೊಂದು ಎಳೆ ಸೇರಿತು: "ಸೆರಗು ಹೋಗಿ ಮಗನ ಮದುವಿ ಕೆಡಿಸ್ತು."

ದೊಡ್ಡಮ್ಮ ಎದುರು ಆಡಲಿಲ್ಲ. ಬಂದವರಿಗೆಲ್ಲ, "ಹೌದವ್ವ, ನನ್ನದೇ ಗ್ಯಾನ ತಪ್ಪಿತು," ಎನ್ನುತ್ತಿದ್ದಳು. ಅವಳು ಕಥೆ ಹೇಳುವುದೂ ನಿಂತಿತು. ನಾನು ಹೋದರೆ, "ನಿಮ್ಮ ಅಂಗಡಿ ಗಾಡಿಗೆ ಕೆಟ್ಟ ಹೆಸರು ತಂದೆ ಕಣೋ," ಎಂದು ನನಗೂ ತಪ್ಪೊಪ್ಪಿಕೊಂಡಳು. ಆ ಮಾತು ಕೇಳಿಕೊಂಡು ನಾನು ಎರಡು ತಿಂಗಳು ಅದೇ ಮಂಚದ ಪಕ್ಕ ಕೂತು, ಕಿತ್ತಳೆ ಸುಲಿದು ಕೊಟ್ಟು, ಎದ್ದು ಬಂದಿದ್ದೇನೆ.

ಒಂದು ಮಧ್ಯಾಹ್ನ ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ನಾವಿಬ್ಬರೇ. ನಾನು ಹೇಳಿಬಿಟ್ಟೆ. ಚಕ್ರದ ಪಕ್ಕ ಒಂದು ತಡೆ ಇರುತ್ತದೆ, ಸೆರಗಿಗೆಂದೇ ಇರುವುದು, ಅದನ್ನು ಬಿಚ್ಚಿದ್ದು ನಾನು ಎಂದು.

"ಎಷ್ಟಿರ್ತೈತೆ ಅದು?" ಎಂದಳು. ಕೈ ಅಗಲಿಸಿ ತೋರಿಸಿದೆ.

"ಅದು ಇದ್ದಿದ್ರೆ?"

"ಸೆರಗು ಒಳಗೆ ಹೋಗ್ತಿರ್ಲಿಲ್ಲ ದೊಡ್ಡಮ್ಮ."

"ಅವನಿಗೆ ಗೊತ್ತೈತೇನು?"

"ಅವನೇ ಬಿಚ್ಚು ಅಂದಿದ್ದು."

ಬೈಯುತ್ತಾಳೆ ಎಂದುಕೊಂಡೆ, ಇಲ್ಲವೇ ಅಳುತ್ತಾಳೆ. ಎರಡೂ ಇಲ್ಲ. "ಹಂಗಾರೆ ನನ್ನ ಸೆರಗಿನ ತಪ್ಪಲ್ಲ," ಎಂದು ತನಗೇ ಹೇಳಿಕೊಂಡಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು. ಆ ಮುದಿ ಕೈಯಲ್ಲಿ ಅಷ್ಟು ಬಲ ಇದ್ದೀತು ಎಂದು ಎಣಿಸಿರಲಿಲ್ಲ.

"ಇದನ್ನ ಒಂದ್ಸಲ ನನ್ನ ನಾದಿನಿ ಎದುರಿಗೆ ಹೇಳೋ. ನಾಕು ಮಂದಿ ಇದ್ದಾಗ ಹೇಳು. ನಾನು ಹೇಳಿದ್ರೆ ಮಗನ ಮ್ಯಾಲೆ ಚಾಡಿ ಹೇಳ್ದಂಗಾಗ್ತೈತೆ. ನೀನು ನಿನ್ನ ಕೈಯಿಂದ ಆತು ಅನ್ನು. ಅವನ ಹೆಸರು ತರಬ್ಯಾಡ. ನಾನು ಗ್ಯಾನ ಇಲ್ದೋಳು ಅನ್ನಿಸ್ಕೊಂಡು ಸಾಯಾಕಿಲ್ಲ."

ಹೂಂ ಎಂದೆ. ಈ ಭಾನುವಾರವೇ ಹೇಳುತ್ತೇನೆ ಎಂದೆ.

ಗೆಳೆಯನಿಗೆ ಮೊದಲು ತಿಳಿಸುವುದು ಧರ್ಮ ಎನಿಸಿ ತುಂಗಭದ್ರೆಯ ಸೇತುವೆಯ ಬಳಿ ಅವನನ್ನು ಕಂಡೆ. ಅವನ ಮುಖ ಕಪ್ಪಿಟ್ಟಿತು. "ಬ್ಯಾಡಲೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದ. "ಇನ್ನೊಂದು ಕಡೆ ಮಾತು ನಡದೈತೆ. ಬಿಚ್ಚಿದ್ದು ನೀನು ಅಂದ್ರೆ, ಬಿಚ್ಚು ಅಂದೋನು ಯಾರು ಅಂತ ಕೇಳಲ್ವಾ? ಶೋಕಿಗೆ ಅವ್ವನ್ನ ಕೆಡವಿದೋನು ಅಂದ್ರೆ ನನಗೆ ಯಾರು ಹೆಣ್ಣು ಕೊಡ್ತಾರೆ? ನಿಶ್ಚಿತಾರ್ಥ ಒಂದು ಆಗ್ಲಿ. ಆಮೇಲೆ ನಾನೇ ಮೈಕ್ ಹಿಡ್ದು ಹೇಳ್ತೀನಿ."

ಅವನ ಮಾತಿನಲ್ಲೂ ನ್ಯಾಯವಿದೆ ಎನಿಸಿತು. ಮಗನ ಮದುವೆಯಾದರೆ ಅವಳಿಗೇ ಅಲ್ಲವೇ ಸಂತೋಷ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಭಾನುವಾರ ಹೋಗಲಿಲ್ಲ. ಮುಂದಿನ ವಾರ ಹೋದಾಗ ಅತ್ತೆಯೂ ಇದ್ದಳು, ಹರಪನಹಳ್ಳಿ ಕಡೆಯ ನೆಂಟರೂ ಇದ್ದರು. ದೊಡ್ಡಮ್ಮ ಮಂಚದಿಂದ ನನ್ನ ಬಾಯನ್ನೇ ನೋಡುತ್ತಿದ್ದಳು. ಅತ್ತೆ ಎಂದಿನಂತೆ ಸೆರಗಿನ ಮಾತು ಎತ್ತಿದಳು. ನಾನು ಚಹಾ ಲೋಟ ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಮಳೆ ಹೆಂಗಪ್ಪ ನಿಮ್ಮ ಕಡೆ ಎಂದು ನೆಂಟರನ್ನು ಕೇಳಿದೆ. ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಅದಾಗಿ ಮೂರು ವಾರಕ್ಕೆ ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟಳು. ನಿಶ್ಚಿತಾರ್ಥಕ್ಕೆ ಇನ್ನೂ ಹದಿನೈದು ದಿನವಿತ್ತು.

ಅವಳ ಹೆಸರಿನಲ್ಲಿ ನೆಂಟರಿಗೆ ಊಟ ಹಾಕುವ ಶಿವಗಣಾರಾಧನೆಯ ದಿನ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮೊದಲ ಪಂಕ್ತಿಗೆ ಎಲೆ ಹಾಕುವ ಹೊತ್ತು. ಅತ್ತೆ ಹೆಂಗಸರ ನಡುವೆ ಕೂತು ಕಣ್ಣು ಒರೆಸಿಕೊಳ್ಳುತ್ತಾ, "ಅತ್ತಿಗಿ ಒಂದು ಸೆರಗು ಸಿಗಿಸ್ಕೊಂಡಿದ್ರೆ ಇವತ್ತು ಇರ್ತಿದ್ಲು," ಎಂದಳು. ನಾನು ಎದ್ದು ನಿಂತೆ. ಗಾಡಿಗೆ ಸೆರಗಿನ ತಡೆ ಇತ್ತೆಂದೂ, ಅದನ್ನು ನಾನು ನನ್ನ ಕೈಯಾರೆ ಬಿಚ್ಚಿದೆನೆಂದೂ, ದೊಡ್ಡಮ್ಮನ ತಪ್ಪು ಸಾಸಿವೆ ಕಾಳಷ್ಟೂ ಇಲ್ಲವೆಂದೂ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವಳು ಹೇಳಿದಂತೆಯೇ ಮಗನ ಹೆಸರು ತರಲಿಲ್ಲ.

ಹಿರಿಯರೊಬ್ಬರು ನನ್ನ ಹೆಗಲು ತಟ್ಟಿ, "ಹೋಗ್ಲಿ ಬಿಡಪ್ಪ. ಋಣ ತೀರಿತ್ತು, ಹೋದ್ಲು. ಎಲಿ ಹಾಕ್ಯಾರೆ, ಕೂಡು," ಎಂದರು. ಯಾರೂ ನನ್ನನ್ನು ಬೈಯಲಿಲ್ಲ. ಎಲ್ಲರೂ ಊಟಕ್ಕೆ ಕೂತರು. ಗೆಳೆಯ ಹುಗ್ಗಿಯ ಬಕೆಟ್ ಹಿಡಿದು ಸಾಲಿನಲ್ಲಿ ಬಂದ, ನನ್ನ ಎಲೆಗೂ ಬಡಿಸಿದ, ಮುಖ ನೋಡದೆ ಮುಂದಿನ ಎಲೆಗೆ ಹೋದ.

ಆಗ ಬೆನ್ನ ಹಿಂದಿನ ಸಾಲಿನಲ್ಲಿ, ತಡವಾಗಿ ಬಂದ ಹೆಂಗಸೊಬ್ಬಳು ಏನಾಗಿತ್ತು ಎಂದು ಕೇಳಿದ್ದು ಕಿವಿಗೆ ಬಿತ್ತು. ಅತ್ತೆ ಹೇಳುತ್ತಿದ್ದಳು: "ಗಾಡಿ ಮ್ಯಾಲಿಂದ ಬಿದ್ಲು ನೋಡವ್ವ. ಸೆರಗು ಸಿಗಿಸ್ಕೊಂಡಿರ್ಲಿಲ್ಲ."

ನಾನು ಎಂಜಲು ಕೈಯಲ್ಲೇ ಹಿಂದಕ್ಕೆ ತಿರುಗಿ ಕೂತು, ಆ ಹೆಂಗಸಿಗೆ ಮೊದಲಿನಿಂದ ಹೇಳಲು ಶುರು ಮಾಡಿದೆ.