ನೆತ್ತಿ ಮುಟ್ಟಿದ ಕೈ

ಕೋತಗಿರಿ ಬಳಿಯ ನಮ್ಮ ಹಟ್ಟಿಯಲ್ಲಿ, ಅಂಗಳದಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಆಸ್ಪತ್ರೆಯಲ್ಲಿದ್ದ ಅತ್ತೆ ಬೇಲಿ ದಾಟಿ ನಡೆದು ಬಂದರು. ಅಂದು ಮನೆಗೆ ಕಳಿಸುತ್ತೇವೆಂದು ಡಾಕ್ಟರು ಹೇಳಿದ್ದರು. ನನ್ನ ಗಂಡ ಹಿಂದೆಯೇ ಬರುತ್ತಿರಬೇಕು ಅಂದುಕೊಂಡೆ. ನಮ್ಮ ಬಡಗರ ಪದ್ಧತಿಯಂತೆ ತಲೆ ಬಾಗಿಸಿದೆ. ಅವರು ನೆತ್ತಿ ಮುಟ್ಟಿ, "ಒಳ್ಳೆಗೆ ಬದುಕು, ಹೆಣ್ಣೇ" ಎಂದು ಒಳಗೆ ಹೋದರು.

ಅವರ ಸ್ನಾನಕ್ಕೆ ನೀರು ಕಾಯಲಿಟ್ಟಾಗ ಗಂಡನ ಫೋನ್ ಬಂತು. "ಅವ್ವೆ ಹೋಗಿಬಿಟ್ಟಳು. ನಾನಿನ್ನೂ ಆಸ್ಪತ್ರೇಲೇ, ಅವಳ ಪಕ್ಕದಲ್ಲೇ ಇದ್ದೀನಿ."

"ಏನು ಹೇಳ್ತೀರಿ? ಈಗಷ್ಟೇ ಬಂದ್ರಲ್ಲಾ!" ಎಂದು ಕೋಣೆಗೆ ಓಡಿದೆ. ಅವರಿಗೆಂದು ಹಾಸಿದ್ದ ಹೊಸ ಹೊದಿಕೆಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅಡುಗೆಮನೆ, ಹಿತ್ತಿಲು ಎಲ್ಲ ಹುಡುಕಿದೆ, ಯಾರೂ ಇರಲಿಲ್ಲ.

ಅದೇನೆಂದು ಇಂದಿಗೂ ತಿಳಿಯದು. ಹರಸದೆ ಹೋಗಲಿಲ್ಲವಲ್ಲ, ಅಷ್ಟು ದೇವರ ದಯೆ. ಅಂದು ಆ ಕಾದ ನೀರನ್ನು ಬಕೆಟ್ಟಿಗೆ ಸುರಿದು, ಅವರನ್ನು ತಂದು ಮಲಗಿಸುವ ಜಗುಲಿಯನ್ನು ಒರೆಸತೊಡಗಿದೆ.