ಆಯಿಯ ತವರಿನ ದಾರಿ

ಬಂಡಿಯ ಅಚ್ಚಿಗೆ ಹಾಕುವ ಹರಳೆಣ್ಣೆಯ ವಾಸನೆ ಈಗ ಸುಲಭಕ್ಕೆ ಸಿಗುವುದಿಲ್ಲ. ಮೊನ್ನೆ ಯಾರದೋ ಮನೆಯಲ್ಲಿ ಹರಳು ಹುರಿದು ಕುಟ್ಟುತ್ತಿದ್ದರು. ಆ ಕಮಟು ಮೂಗಿಗೆ ಬಡಿದದ್ದೇ ತಡ, ನಾನು ಎಂಟು ವರ್ಷದ ಹುಡುಗಿಯಾಗಿ ಶಹಾಬಾದದ ನಮ್ಮ ಪರಸಿಕಲ್ಲಿನ ಅಂಗಳದಲ್ಲಿ ನಿಂತಿದ್ದೆ. ಅದು ನಿಜಾಮರ ಕಾಲ. ಅಪ್ಪ ಉರ್ದು ಶಾಲೆಯ ಮಾಸ್ತರರು. ಬಂಡಿ ಹೊಡೆಯುವ ಇಮಾಮ ಕಾಕಾ ಬೆಳ್ಳಂಬೆಳಗ್ಗೆ ಗಾಲಿಗೆ ಎಣ್ಣೆ ಬಿಡುತ್ತಿದ್ದ. ಅಪ್ಪನ ತಾಯಿ, ನನ್ನ ಆಯಿ, ಎಲ್ಲರಿಗಿಂತ ಮೊದಲೇ ಹತ್ತಿ ಕೂತಿದ್ದಳು. ಮಡಿಲಲ್ಲಿ ಗೋಧಿ-ಬೆಲ್ಲದ ಮಾದಲಿಯ ಡಬ್ಬಿ. ಚಿಂಚೋಳಿಯ ತನ್ನ ತವರಿಗೆ ಅವಳು ಹೊರಟದ್ದು ಮೂವತ್ತು ವರ್ಷಗಳ ಮೇಲೆ.

ಅವಳ ತಾಯಿ ತೀರಿಕೊಂಡಾಗ ಅವಳ ಗಂಡ, ನನ್ನ ಮುತ್ಯಾ, ಅವಳನ್ನು ಕಳಿಸಿರಲಿಲ್ಲ. ಸುಗ್ಗಿ ಮುಗಿಯಲಿ ಅಂದಿದ್ದನಂತೆ. ಹಡೆದ ತಾಯಿಯ ಮಣ್ಣಿಗೂ ಬಾರದವಳು ಇನ್ನು ನನ್ನ ಹೊಸ್ತಿಲು ತುಳಿಯುವುದು ಬೇಡ ಎಂದು ಅವಳ ಅಣ್ಣ ಹೇಳಿ ಕಳಿಸಿದ್ದ. ಈಗ ಮುತ್ಯಾ ಇರಲಿಲ್ಲ. ಅಣ್ಣನಿಗೆ ಆರಾಮಿಲ್ಲವೆಂದು ಆ ಕಡೆಯಿಂದ ಬಂದ ಬಳೆಗಾರ ಹೇಳಿದ ದಿನ ಆಯಿ ಉಣ್ಣುತ್ತಿದ್ದ ಗಂಗಾಳ ಪಕ್ಕಕ್ಕೆ ಸರಿಸಿ ಅಪ್ಪನನ್ನು ಕೇಳಿದಳು: "ಕರ್ಕೊಂಡು ಹೋಗ್ತಿಯೋ, ನಾನೇ ನಡ್ಕೋತ ಹೋಗ್ಲೋ?"

ಮೂರು ದಿನದ ದಾರಿ. ಮೊದಲ ದಿನ ಆಯಿಯ ಬಾಯಿಗೆ ಬಿಡುವೇ ಇರಲಿಲ್ಲ. ಅಣ್ಣ ತನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ದಾಟಿಸುತ್ತಿದ್ದುದು, ಬಾರಿಹಣ್ಣು ಕದ್ದು ಇಬ್ಬರೂ ಹೊಡೆತ ತಿಂದದ್ದು. ಗುಂಡಗುರ್ತಿ ದಾಟಿದ ಮೇಲೆ ಎರಡೂ ಕಡೆ ಕರಿ ಹೊಲ, ಹಾಲುಗಾಳಿನ ಬಿಳಿಜೋಳ, ಅದರಾಚೆ ಬರಿಯ ಆಕಾಶ. ಹರದಾರಿಗಟ್ಟಲೆ ಒಂದು ಮನುಷ್ಯಮುಖ ಕಾಣಲಿಲ್ಲ. ಎತ್ತಿನ ಗೆಜ್ಜೆಯ ಸದ್ದು ನಮ್ಮಿಂದಲೇ ಹೊರಟು ನಮಗೇ ಮರಳಿ ಬರುತ್ತಿತ್ತು. "ಇಲ್ಲೊಂದು ಬಾವಿ ಇತ್ತಲ್ಲ," ಎಂದು ಆಯಿ ಬಂಡಿ ನಿಲ್ಲಿಸಿ ಹುಡುಕಿದಳು. ಬಾವಿ ಸಿಗಲಿಲ್ಲ. ಕಾಳಗಿ ಹಿಂದಾಗಿ ಮಣ್ಣು ಕೆಂಪಾಗುತ್ತ ಬಂದಂತೆ ಅವಳ ಮಾತೂ ನಿಂತಿತು. ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನೋಯುತ್ತಿತ್ತು, ಆದರೂ ಬಿಡಿಸಿಕೊಳ್ಳಲಿಲ್ಲ.

ನಾವು ಚಿಂಚೋಳಿ ಮುಟ್ಟಿದಾಗ ಆಯಿಯ ಅಣ್ಣ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಬೆಳ್ಳಗೆ, ಒಣಗಿದ ಮುದುಕ. ಆಯಿ ಹೊಸ್ತಿಲ ಹೊರಗೇ ನಿಂತಳು. ಅವನು ನಮ್ಮನ್ನು ನೋಡಿ ಹಸನ್ಮುಖಿಯಾಗಿ, "ಬರ್ರಿ, ಕುಂದ್ರಿ. ಯಾವೂರಾತ್ರಿ?" ಅಂದ.

"ಶಹಾಬಾದ್ರಿ," ಅಂದಳು ಆಯಿ.

"ಮಾವಾರ, ಇವ್ರು ನಿಮ್ಮ ತಂಗೀನೇ ರೀ," ಎಂದು ಸೊಸೆ ಕಿವಿಯ ಹತ್ತಿರ ಕೂಗಿ ಹೇಳಿದಳು. ಅವನು ನಕ್ಕುಬಿಟ್ಟ. "ನಮ್ಮ ನೀಲಿ ಸಣ್ಣಕಿ ಇದ್ದಾಳ. ಇವ್ರು ಹಿರೇರು." ಆಮೇಲೆ ಮುಂದೆ ಬಾಗಿ ಆಯಿಗೆ ಹೇಳಿದ: "ಅಕೀನ್ನೂ ಶಹಾಬಾದಕ್ಕೇ ಕೊಟ್ಟೀವ್ರಿ. ಕಂಡ್ರ ಒಂದು ಮಾತು ಹೇಳ್ರಿ. ಅಣ್ಣಗ ಈಗ ಸಿಟ್ಟಿಲ್ಲ, ಬಂದು ಹೋಗಂತಾನಂತ ಹೇಳ್ರಿ. ಭಾಳ ನೆನಪಾಗಾಕತ್ಯಾಳ."

ಆಯಿಗೆ ಒಂದು ಹೆಸರಿತ್ತೆಂದು ನನಗೆ ಗೊತ್ತಾದದ್ದೇ ಆಗ. ಅವಳು ಒಳಗೆ ಬಂದು ಅವನೆದುರು ಕೂತಳು. "ಹೇಳ್ತೀನ್ರಿ," ಅಂದಳು. ಡಬ್ಬಿ ತೆಗೆದು ಹಾಲಲ್ಲಿ ಮಾದಲಿ ಕಲಸಿ ಒಂದೊಂದೇ ತುತ್ತು ಅವನ ಬಾಯಿಗಿಟ್ಟಳು. ಅವನು ಯಾರೋ ದೊಡ್ಡವರ ಮುಂದೆ ಉಣ್ಣುವಂತೆ ಸಂಕೋಚದಿಂದ ಉಂಡ. ಅಪ್ಪ ಮುಖ ತಿರುಗಿಸಿ ಅಂಗಳಕ್ಕೆ ಹೋದರು.

ಎರಡು ದಿನ ಇದ್ದೆವು. ಅವನು ಕೊನೆಯವರೆಗೂ ಅವಳನ್ನು ಗುರುತಿಸಲಿಲ್ಲ. ಮರಳಿ ಬರುವಾಗ ಅಪ್ಪ ತಡೆಯಲಾರದೆ ಕೇಳಿದರು: "ಯವ್ವಾ, ನಾನೇ ನೀಲಿ ಅಂತ ನೀನಾರ ಹೇಳಬಾರ್ದಾ?" "ಸಿಟ್ಟಿಲ್ಲ ಅಂದ್ನಲ್ಲಪಾ," ಅಂದಳು ಆಯಿ.

ಆ ಮಳೆಗಾಲದಲ್ಲಿ ಅಣ್ಣ ಹೋದನೆಂಬ ಕಾಗದ ಬಂತು. ಹಳ್ಳಗಳೆಲ್ಲ ತುಂಬಿದ್ದವು, ಬಂಡಿ ಕಟ್ಟುವ ಹಾಗಿರಲಿಲ್ಲ. ಆಯಿ ತಲೆಗೆ ನೀರು ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು. ಅಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ತುಸು ಸರಿದು ಜಾಗ ಕೊಟ್ಟಳು. ಅವಳ ಹಸಿ ಕೂದಲಿನಿಂದ ನೀರು ನನ್ನ ತೋಳಿನ ಮೇಲೆ ಹನಿಯುತ್ತಿತ್ತು. ಅವಳನ್ನು ಏನಾದರೂ ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ಅಂದು ಇಬ್ಬರೂ ಮಳೆ ನೋಡುತ್ತ ಕೂತಿದ್ದೆವು.